ಒದ್ದೆಯೋ, ಒಣವೋ? ಪ್ಯಾರಾಸಿಂಪಥೆಟಿಕ್ ಔಷಧಗಳನ್ನು ಉರು ಹೊಡೆಯದೆ ಕಲಿಯುವ ದಾರಿ

ನರ್ಸಿಂಗ್ ಇರಲಿ, ಬಿ.ಫಾರ್ಮಾ ಇರಲಿ, ಎಂಬಿಬಿಎಸ್ ಇರಲಿ, ಫಾರ್ಮಕಾಲಜಿಯಲ್ಲಿ ಮಕ್ಕಳು ಮೊದಲು ಎಡವುವುದು ಇಲ್ಲೇ. ಅಟ್ರೋಪಿನ್, ಪೈಲೋಕಾರ್ಪಿನ್, ನಿಯೋಸ್ಟಿಗ್ಮಿನ್, ಐಪ್ರಾಟ್ರೋಪಿಯಂ, ಟಾಲ್ಟೆರೋಡಿನ್... ಹೆಸರುಗಳ ಸಾಲು ನೋಡಿದರೇ ಸುಸ್ತು. ಪಕ್ಕದಲ್ಲಿ ಎಂ1, ಎಂ2, ಎಂ3 ಅಂತ ಬೇರೆ. ರಾತ್ರಿಯಿಡೀ ಉರು ಹೊಡೆಯುತ್ತಾರೆ, ಬೆಳಿಗ್ಗೆ ಬರೆಯುತ್ತಾರೆ, ಸಂಜೆಗೆ ಎಲ್ಲಾ ಮಾಯ.

ಈ ಅಧ್ಯಾಯಕ್ಕೆ ಉರು ಹೊಡೆಯುವ ಅಗತ್ಯವೇ ಇಲ್ಲ ಅನ್ನುವುದು ನನ್ನ ವಾದ. ಇಡೀ ಗುಂಪಿನ ಹಿಂದೆ ಇರುವುದು ಒಂದೇ ಒಂದು ರಾಸಾಯನಿಕ, ಅಸಿಟೈಲ್‌ಕೋಲಿನ್. ಅದು ಜಾಸ್ತಿಯಾದರೆ ದೇಹ ಒದ್ದೆಯಾಗುತ್ತದೆ. ಅದರ ದಾರಿ ಕಟ್ಟಿದರೆ ದೇಹ ಒಣಗುತ್ತದೆ. ಯಾವ ಮಾತ್ರೆ ಕೈಗೆ ಬಂದರೂ ಮೊದಲು ಇದೊಂದನ್ನು ಕೇಳಿಕೊಳ್ಳಿ: ಇದು ಒದ್ದೆ ಕಡೆಯದೋ, ಒಣ ಕಡೆಯದೋ? ಆಮೇಲೆ ಎಲ್ಲಿ, ಯಾವ ರಿಸೆಪ್ಟರ್ (ಅಂಗದ ಜೀವಕೋಶದಲ್ಲಿ ಈ ರಾಸಾಯನಿಕ ಬಂದು ಅಂಟುವ ಜಾಗ), ಮಿದುಳಿಗೆ ಹೋಗುತ್ತದೋ ಇಲ್ಲವೋ ಅಂತ ಒಂದೊಂದಾಗಿ ನೋಡೋಣ.

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಓದುತ್ತಾ ಬರೆದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಉಂಡು ಮಲಗಿದವರನ್ನು ನೋಡಿ

ಹಬ್ಬದ ಊಟ ಮುಗಿಸಿ ಜಗಲಿಯಲ್ಲಿ ಅಡ್ಡಾದವರ ದೇಹದಲ್ಲಿ ಏನೇನು ನಡೆಯುತ್ತಿದೆ? ಎದೆಬಡಿತ ನಿಧಾನ. ಹೊಟ್ಟೆ, ಕರುಳು ಜೋರಾಗಿ ಕೆಲಸ ಮಾಡುತ್ತಿವೆ. ಬಾಯಲ್ಲಿ ಜೊಲ್ಲು ಧಾರಾಳ. ಸ್ವಲ್ಪ ಹೊತ್ತಿಗೆ ಮೂತ್ರಕ್ಕೂ ಏಳಬೇಕು. ಪ್ಯಾರಾಸಿಂಪಥೆಟಿಕ್ ನರಮಂಡಲದ ಕೆಲಸ ಹೆಚ್ಚುಕಮ್ಮಿ ಇಷ್ಟೇ.

ಈ ನರಗಳು ಎರಡು ಜಾಗದಿಂದ ಹೊರಡುತ್ತವೆ. ಮಿದುಳಿನಿಂದ ಬರುವ 12 ಜೊತೆ ನರಗಳಲ್ಲಿ 3, 7, 9 ಮತ್ತು 10ನೆಯವು. ಜೊತೆಗೆ ಬೆನ್ನುಹುರಿಯ ಕೆಳತುದಿಯ ಸೇಕ್ರಲ್ 2, 3, 4. ನೋಟ್‌ಬುಕ್‌ನಲ್ಲಿ ಒಬ್ಬ ಮನುಷ್ಯನ ಚಿತ್ರ ಬರೆದು ಮೇಲಿನಿಂದ ಕೆಳಗೆ ಹೀಗೆ ಗುರುತು ಮಾಡಿ. 3ನೆಯದು ಕಣ್ಣಿಗೆ: ಪಾಪೆ ಚಿಕ್ಕದಾಗುತ್ತದೆ, ಹತ್ತಿರದ್ದನ್ನು ನೋಡಲು ಲೆನ್ಸ್ ಉಬ್ಬುತ್ತದೆ. 7ನೆಯದು ಕಣ್ಣೀರಿಗೆ ಮತ್ತು ದವಡೆ, ನಾಲಗೆಯ ಕೆಳಗಿನ ಜೊಲ್ಲಿನ ಗ್ರಂಥಿಗಳಿಗೆ. 9ನೆಯದು ಕಿವಿಯ ಮುಂದಿರುವ ದೊಡ್ಡ ಜೊಲ್ಲಿನ ಗ್ರಂಥಿಗೆ. 10ನೆಯದು ವೇಗಸ್. ಅದರ ಪಾಲು ದೊಡ್ಡದು: ಹೃದಯ, ಶ್ವಾಸನಾಳ, ಜಠರ, ಕರುಳಿನ ಬಹುಪಾಲು. ಕೆಳಗಿನ ಸೇಕ್ರಲ್ ನರಗಳು ಮೂತ್ರಕೋಶಕ್ಕೆ, ಗುದನಾಳಕ್ಕೆ, ಜನನಾಂಗಕ್ಕೆ.

ಈಗ ಪ್ರತಿಯೊಂದರ ಮುಂದೆ, ನರ ಚುರುಕಾದರೆ ಏನಾಗುತ್ತದೆ ಅಂತ ಬರೆಯಿರಿ. ಪಾಪೆ ಕುಗ್ಗುತ್ತದೆ. ಕಣ್ಣೀರು, ಜೊಲ್ಲು ಹರಿಯುತ್ತದೆ. ಹೃದಯ ನಿಧಾನವಾಗುತ್ತದೆ. ಶ್ವಾಸನಾಳ ಬಿಗಿಯುತ್ತದೆ, ಕಫ ಹೆಚ್ಚುತ್ತದೆ. ಕರುಳು ಓಡುತ್ತದೆ. ಮೂತ್ರಕೋಶ ಹಿಂಡುತ್ತದೆ. ಇದು ಒದ್ದೆ ಪಟ್ಟಿ. ಒಣ ಪಟ್ಟಿಯನ್ನು ಬೇರೆಯಾಗಿ ಕಲಿಯಬೇಕಿಲ್ಲ, ಪ್ರತಿ ಸಾಲನ್ನೂ ತಿರುವಿ ಹಾಕಿದರೆ ಸಾಕು.

ಎರಡು ಅಪವಾದ ಇವೆ, ಪರೀಕ್ಷೆಯಲ್ಲಿ ಕೇಳುವುದೂ ಇವನ್ನೇ. ಬೆವರಿನ ಗ್ರಂಥಿಗೆ ಬರುವುದು ಸಿಂಪಥೆಟಿಕ್ ನರ, ಅಂದರೆ ಅಪಾಯ ಬಂದಾಗ ದೇಹವನ್ನು ಓಡಲು, ಹೋರಾಡಲು ಸಿದ್ಧ ಮಾಡುವ ಎದುರು ಪಕ್ಷದ್ದು. ಆದರೆ ಅದು ಅಲ್ಲಿ ಬಿಡುವುದು ಅಸಿಟೈಲ್‌ಕೋಲಿನ್. ಹಾಗಾಗಿ ಅಟ್ರೋಪಿನ್ ಕೊಟ್ಟರೆ ಬೆವರೂ ನಿಲ್ಲುತ್ತದೆ, ಮೈ ಬಿಸಿಯಾಗುತ್ತದೆ. ಇನ್ನೊಂದು ರಕ್ತನಾಳ. ಬಹುತೇಕ ರಕ್ತನಾಳಗಳಿಗೆ ಪ್ಯಾರಾಸಿಂಪಥೆಟಿಕ್ ನರವೇ ಇಲ್ಲ, ಆದರೆ ಒಳಪದರದಲ್ಲಿ ರಿಸೆಪ್ಟರ್ ಇದೆ. ಹೊರಗಿನಿಂದ ಔಷಧ ಬಂದರೆ ಅದು ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿಸಿ ರಕ್ತನಾಳ ಹಿಗ್ಗಿಸುತ್ತದೆ.

ಹೆಜ್ಜೆ 2: ಅಸಿಟೈಲ್‌ಕೋಲಿನ್‌ನ ಹಿಂದೆ ಹೋಗಿ

ನರ ಅಂಗಕ್ಕೆ ಸುದ್ದಿ ಮುಟ್ಟಿಸುವುದು ವಿದ್ಯುತ್ತಿನಿಂದಲೋ, ರಾಸಾಯನಿಕದಿಂದಲೋ ಅನ್ನುವುದು ಒಂದು ಕಾಲದಲ್ಲಿ ದೊಡ್ಡ ಜಗಳ. 1921ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಆಟೊ ಲೋವಿ ಎರಡು ಕಪ್ಪೆ ಹೃದಯ ಇಟ್ಟುಕೊಂಡು ಇದನ್ನು ಬಗೆಹರಿಸಿದರು. ಮೊದಲ ಹೃದಯದ ವೇಗಸ್ ನರ ಪ್ರಚೋದಿಸಿದಾಗ ಅದು ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದರು. ಅದನ್ನು ಯಾವ ನರವೂ ಮುಟ್ಟಿರಲಿಲ್ಲ. ಅದೂ ನಿಧಾನವಾಯಿತು! ಅಂದರೆ ದ್ರವದಲ್ಲಿ ಏನೋ ಇದೆ. ಆ 'ಏನೋ' ಅಸಿಟೈಲ್‌ಕೋಲಿನ್ ಅಂತ ಆಮೇಲೆ ಖಚಿತವಾಯಿತು. 1936ರಲ್ಲಿ ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ ಸೇರಿಸಿ ನೊಬೆಲ್ ಬಂತು.

ಅದರ ಪ್ರಯಾಣ ಚಿಕ್ಕದು. ನರದ ತುದಿಯಲ್ಲಿ ಕೋಲಿನ್ ಮತ್ತು ಅಸಿಟೈಲ್ ಕೋಎಂಜೈಮ್-ಎ ಸೇರಿ ತಯಾರಾಗುತ್ತದೆ. ಸಣ್ಣ ಚೀಲಗಳಲ್ಲಿ ತುಂಬಿಕೊಳ್ಳುತ್ತದೆ. ಸಂದೇಶ ಬಂದಾಗ ಕ್ಯಾಲ್ಸಿಯಂ ಒಳಗೆ ನುಗ್ಗಿ ಚೀಲ ಒಡೆದು ಹೊರಗೆ ಬರುತ್ತದೆ. ಎದುರಿನ ರಿಸೆಪ್ಟರ್‌ಗೆ ಅಂಟುತ್ತದೆ. ಕೆಲವೇ ಮಿಲಿಸೆಕೆಂಡ್‌ನಲ್ಲಿ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಎಂಜೈಮ್ ಅದನ್ನು ತುಂಡರಿಸಿ ಹಾಕುತ್ತದೆ.

ಕೊನೆಯ ಈ ಎಂಜೈಮನ್ನು ಚೆನ್ನಾಗಿ ನೆನಪಿಡಿ. ಮದುವೆ ಮನೆಯಲ್ಲಿ ಪಂಕ್ತಿ ಎದ್ದ ಕೂಡಲೇ ಎಲೆ ಎತ್ತುವವರ ಕೆಲಸ ಇದರದ್ದು. ಎಲೆ ಎತ್ತುವವರೇ ನಾಪತ್ತೆಯಾದರೆ ಊಟದ ಮನೆಯ ಗತಿ ಏನು? ಮುಂದೆ ಬರುವ ಕೀಟನಾಶಕದ ಕಥೆ ಪೂರ್ತಿ ಅದೇ.

ಹೆಜ್ಜೆ 3: ಔಷಧ ಎಲ್ಲಿ ಕೈ ಹಾಕುತ್ತದೆ?

ಔಷಧ ಕೈ ಹಾಕುವ ಜಾಗಗಳು ಮುಖ್ಯವಾಗಿ ನಾಲ್ಕು.

ಬಿಡುಗಡೆಯನ್ನೇ ತಡೆಯುವುದು ಬೊಟುಲಿನಂ ಟಾಕ್ಸಿನ್. ಮುಖದ ಸುಕ್ಕಿಗೆ ಚುಚ್ಚಿಸಿಕೊಳ್ಳುವ ಬೊಟಾಕ್ಸ್ ಇದೇ. ಅತಿಯಾಗಿ ಬೆವರುವ ಕಂಕುಳಿಗೂ, ಹಿಡಿತ ತಪ್ಪಿದ ಮೂತ್ರಕೋಶಕ್ಕೂ ಕೊಡುತ್ತಾರೆ. ಯಾಕೆ ಅಂತ ಈಗ ನೀವೇ ಹೇಳಬಹುದು.

ಎರಡನೆಯದು, ಅಸಿಟೈಲ್‌ಕೋಲಿನ್‌ನಂತೆ ತಾನೇ ಹೋಗಿ ರಿಸೆಪ್ಟರ್ ಚುರುಕುಗೊಳಿಸುವುದು. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾಕ್ಕೆ ಹಾಕುವ ಪೈಲೋಕಾರ್ಪಿನ್ ಹನಿ, ಮೂತ್ರ ಕಟ್ಟಿದಾಗ ಕೊಡುವ ಬೆಥನೆಕಾಲ್ ಈ ಜಾತಿ. ಎರಡೂ ಒದ್ದೆ ಕಡೆ.

ಮೂರನೆಯದು ರಿಸೆಪ್ಟರ್ ಮೇಲೆ ಕೂತು ಜಾಗ ಬಿಡದಿರುವುದು. ಅಟ್ರೋಪಿನ್ ಮತ್ತು ಅದರ ದೊಡ್ಡ ಬಳಗ. ಒಣ ಕಡೆ.

ನಾಲ್ಕನೆಯದು ಎಂಜೈಮ್ ತಡೆಯುವುದು. ಔಷಧ ರಿಸೆಪ್ಟರ್ ಕಡೆ ತಿರುಗಿಯೂ ನೋಡುವುದಿಲ್ಲ, ಆದರೆ ಒಡೆಯುವವರು ಇಲ್ಲದೆ ಅಸಿಟೈಲ್‌ಕೋಲಿನ್ ರಾಶಿ ಬೀಳುತ್ತದೆ. ನಿಯೋಸ್ಟಿಗ್ಮಿನ್, ಪಿರಿಡೋಸ್ಟಿಗ್ಮಿನ್, ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್, ರಿವಾಸ್ಟಿಗ್ಮಿನ್ ಇಲ್ಲಿ ಬರುತ್ತವೆ. ಇವೂ ಒದ್ದೆ ಕಡೆಯೇ.

ಎರಡನೆಯದಕ್ಕೂ ನಾಲ್ಕನೆಯದಕ್ಕೂ ಒಂದು ಸೂಕ್ಷ್ಮ ವ್ಯತ್ಯಾಸ ಇದೆ. ನರ ಸತ್ತುಹೋಗಿ ಅಸಿಟೈಲ್‌ಕೋಲಿನ್ ಬರುವುದೇ ನಿಂತಿದ್ದರೆ ಎಂಜೈಮ್ ತಡೆದು ಏನು ಪ್ರಯೋಜನ? ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ರಿಸೆಪ್ಟರ್‌ಗೆ ನೇರವಾಗಿ ಅಂಟುವ ಔಷಧ ಆಗಲೂ ಕೆಲಸ ಮಾಡುತ್ತದೆ. ಇದೇ ಲೆಕ್ಕದಲ್ಲಿ, ಹೃದಯ ಕಸಿ ಆದವರಿಗೆ ಅಟ್ರೋಪಿನ್ ಕೊಟ್ಟರೆ ಸಾಮಾನ್ಯವಾಗಿ ಬಡಿತ ಏರುವುದಿಲ್ಲ. ಹೊಸ ಹೃದಯಕ್ಕೆ ವೇಗಸ್ ನರದ ಸಂಪರ್ಕವೇ ಇಲ್ಲ. ಇಲ್ಲದ ಬ್ರೇಕನ್ನು ಬಿಡಿಸುವುದು ಹೇಗೆ?

ಹೆಜ್ಜೆ 4: ಯಾವ ರಿಸೆಪ್ಟರ್?

1914ರಲ್ಲೇ ಡೇಲ್ ಒಂದು ವಿಷಯ ಗಮನಿಸಿದ್ದರು. ಅಸಿಟೈಲ್‌ಕೋಲಿನ್‌ನ ಕೆಲವು ಪರಿಣಾಮ ಅಣಬೆಯ ವಿಷ ಮಸ್ಕರಿನ್‌ನಂತೆ, ಇನ್ನು ಕೆಲವು ತಂಬಾಕಿನ ನಿಕೋಟಿನ್‌ನಂತೆ ಇದ್ದವು. ಮಸ್ಕರಿನಿಕ್, ನಿಕೋಟಿನಿಕ್ ಅನ್ನುವ ವಿಂಗಡಣೆ ಇವತ್ತಿಗೂ ನಡೆದುಬಂದಿದೆ.

ನಿಕೋಟಿನಿಕ್ ಮುಖ್ಯವಾಗಿ ಎರಡು ಕಡೆ: ನರ ಇನ್ನೊಂದು ನರಕ್ಕೆ ಸುದ್ದಿ ದಾಟಿಸುವ ಗ್ಯಾಂಗ್ಲಿಯಾನ್‌ನಲ್ಲಿ, ಮತ್ತು ಕೈಕಾಲು ಆಡಿಸುವ ಸ್ನಾಯುವಿನಲ್ಲಿ. ಮಸ್ಕರಿನಿಕ್ ಇರುವುದು ಹೆಜ್ಜೆ 1ರಲ್ಲಿ ಬರೆದ ಅಂಗಗಳಲ್ಲಿ. ಐದು ಬಗೆ ಇವೆ. ಸದ್ಯಕ್ಕೆ ಎರಡನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಎಂ2 ಅಂದರೆ ಹೃದಯ, ಎಂ3 ಅಂದರೆ ಗ್ರಂಥಿಗಳು ಮತ್ತು ನಯವಾದ ಸ್ನಾಯು. ಅಂದರೆ ಶ್ವಾಸನಾಳ, ಕರುಳು, ಮೂತ್ರಕೋಶ, ಪಾಪೆ. ಎಂ1, ಎಂ4 ಮುಖ್ಯವಾಗಿ ಮಿದುಳಿನ ಕಡೆಯವು, ಕೊನೆಯಲ್ಲಿ ಮತ್ತೆ ಬರುತ್ತವೆ.

ಅಟ್ರೋಪಿನ್ ಮಸ್ಕರಿನಿಕ್ ಐದನ್ನೂ ಮುಚ್ಚುತ್ತದೆ, ನಿಕೋಟಿನಿಕ್ ಅನ್ನು ಮುಟ್ಟುವುದಿಲ್ಲ. ಈ ಸಾಲಿನ ಕೆಳಗೆ ಗೆರೆ ಎಳೆಯಿರಿ. ವಾರ್ಡಿನಲ್ಲಿ ಜೀವ ಉಳಿಸುವ ತಿಳಿವಳಿಕೆ ಇದು.

ರಿಸೆಪ್ಟರ್‌ನ ಬಗೆ ಆರಿಸಿಕೊಂಡು ಕೆಲಸ ಮಾಡುವ ಔಷಧಗಳೂ ಇವೆ. ಹಿಡಿತ ತಪ್ಪಿದ ಮೂತ್ರಕೋಶಕ್ಕೆ ಕೊಡುವ ಡಾರಿಫೆನಾಸಿನ್, ಸೊಲಿಫೆನಾಸಿನ್ ಎಂ3 ಕಡೆ ವಾಲುತ್ತವೆ. ಆದರೆ ಎಂ3 ಜೊಲ್ಲಿನ ಗ್ರಂಥಿಯಲ್ಲೂ ಇದೆಯಲ್ಲ, ಅದಕ್ಕೇ ಬಾಯಿ ಒಣಗುವುದು ಪೂರ್ತಿ ತಪ್ಪುವುದಿಲ್ಲ. ನನ್ನ ಪ್ರಕಾರ ರಿಸೆಪ್ಟರ್ ಆರಿಸುವುದಕ್ಕಿಂತ ಔಷಧವನ್ನು ಬೇಕಾದ ಜಾಗಕ್ಕೆ ಮಾತ್ರ ಹಾಕುವುದೇ ಹೆಚ್ಚು ಜಾಣತನ. ಐಪ್ರಾಟ್ರೋಪಿಯಂ, ಟಿಯೋಟ್ರೋಪಿಯಂ ಇನ್‌ಹೇಲರ್‌ಗಳು ಹಾಗೆ. ಶ್ವಾಸನಾಳಕ್ಕೆ ಹೋಗುತ್ತವೆ, ರಕ್ತಕ್ಕೆ ಸೇರುವುದು ಕಡಿಮೆ. ಟಿಯೋಟ್ರೋಪಿಯಂ ಎಂ3ನಿಂದ ಬಹಳ ನಿಧಾನವಾಗಿ ಬಿಡಿಸಿಕೊಳ್ಳುವುದರಿಂದ ದಿನಕ್ಕೆ ಒಂದೇ ಸಲ ಎಳೆದುಕೊಂಡರೆ ಸಾಕು.

ಹಾಗಂತ ಜಾಗ ತಪ್ಪಿದರೆ? ನೆಬ್ಯುಲೈಜರ್ ಮಾಸ್ಕ್ ಸಡಿಲವಾಗಿ ಕೂತಿದ್ದರೆ ಐಪ್ರಾಟ್ರೋಪಿಯಂ ಮಂಜು ಒಂದು ಕಣ್ಣಿಗೆ ಬಡಿಯುತ್ತದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಒಂದು ಪಾಪೆ ಚಿಕ್ಕದು, ಇನ್ನೊಂದು ಅಗಲ. ಗೊತ್ತಿಲ್ಲದವರು ಮಿದುಳಿನಲ್ಲಿ ರಕ್ತಸ್ರಾವ ಅಂತ ಸ್ಕ್ಯಾನ್‌ಗೆ ಓಡಿಸುತ್ತಾರೆ. ಹಿತ್ತಲಲ್ಲಿ ದತ್ತೂರಿ ಗಿಡ ಕಿತ್ತು ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡವರಿಗೂ ಹೀಗೇ ಆಗುತ್ತದೆ. ಕಣ್ಣಿನ ಡಾಕ್ಟರು ಇಲ್ಲಿ ಒಂದು ಚಂದದ ಪರೀಕ್ಷೆ ಮಾಡುತ್ತಾರೆ. ಅಗಲವಾದ ಕಣ್ಣಿಗೆ ಪೈಲೋಕಾರ್ಪಿನ್ ಶೇ 1ರ ಹನಿ ಹಾಕುತ್ತಾರೆ. 3ನೆಯ ನರಕ್ಕೆ ಪೆಟ್ಟಾಗಿದ್ದರೆ ರಿಸೆಪ್ಟರ್ ಖಾಲಿ ಇರುತ್ತದೆ, ಪಾಪೆ ಕುಗ್ಗುತ್ತದೆ. ಅಟ್ರೋಪಿನ್ ಜಾತಿಯದು ಈಗಾಗಲೇ ಕೂತಿದ್ದರೆ ಪೈಲೋಕಾರ್ಪಿನ್‌ಗೆ ಜಾಗವೇ ಇಲ್ಲ, ಪಾಪೆ ಅಲ್ಲಾಡುವುದಿಲ್ಲ. ಒಂದೇ ಹನಿಯಲ್ಲಿ ರಿಸೆಪ್ಟರ್ ಪಾಠ ಪೂರ್ತಿ ಬಂತು ಅಲ್ವಾ?

ಹೆಜ್ಜೆ 5: ಮಿದುಳಿನ ಒಳಗೆ ಹೋಗುತ್ತದೆಯೇ?

ಔಷಧದ ಅಣುವಿನಲ್ಲಿರುವ ಸಾರಜನಕಕ್ಕೆ ನಾಲ್ಕು ಕೊಂಡಿ ಇದ್ದರೆ ಅದು ಸದಾ ವಿದ್ಯುದಂಶ ಹೊತ್ತಿರುತ್ತದೆ. ಅಂಥದ್ದಕ್ಕೆ ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಗೋಡೆ ದಾಟುವುದು ಕಷ್ಟ. ಇದನ್ನು ಕ್ವಾಟರ್ನರಿ ಅನ್ನುತ್ತಾರೆ. ಮೂರೇ ಇದ್ದರೆ ಟರ್ಷಿಯರಿ, ಸಲೀಸಾಗಿ ದಾಟುತ್ತದೆ.

ಈಗ ಜೋಡಿ ಜೋಡಿಯಾಗಿ ಇಟ್ಟು ನೋಡಿ. ಅಟ್ರೋಪಿನ್ ಒಳಗೆ ಹೋಗುತ್ತದೆ, ಅದರ ಬಳಗದ್ದೇ ಆದ ಗ್ಲೈಕೋಪಿರೋಲೇಟ್ ಹೋಗುವುದಿಲ್ಲ. ಬಸ್ಸಿನಲ್ಲಿ ವಾಂತಿ ಬರದಂತೆ ಕೊಡುವ ಹಯೋಸಿನ್ ಮಿದುಳಿಗೆ ಹೋಗಲೇಬೇಕು, ಅಲ್ಲೇ ಅದರ ಕೆಲಸ, ಅದಕ್ಕೇ ತೂಕಡಿಕೆ. ಅದೇ ಹಯೋಸಿನ್‌ಗೆ ಬ್ಯುಟೈಲ್‌ಬ್ರೋಮೈಡ್ ಬಾಲ ಸೇರಿಸಿದರೆ ಹೊಟ್ಟೆ ನುಲಿತಕ್ಕೆ ಕೊಡುವ ಬಸ್ಕೋಪಾನ್. ಅದು ಹೊರಗೇ ಉಳಿಯುತ್ತದೆ. ಎಂಜೈಮ್ ತಡೆಯುವವರಲ್ಲೂ ಹಾಗೇ: ಫೈಸೋಸ್ಟಿಗ್ಮಿನ್ ಒಳಗೆ, ನಿಯೋಸ್ಟಿಗ್ಮಿನ್ ಹೊರಗೆ. ಮರೆವಿನ ಕಾಯಿಲೆಗೆ ನಿಯೋಸ್ಟಿಗ್ಮಿನ್ ಯಾಕೆ ಕೊಡುವುದಿಲ್ಲ ಅನ್ನುವ ಪ್ರಶ್ನೆಗೆ ಇದೇ ಉತ್ತರ.

ಮುಟ್ಟಿನ ನೋವಿಗೆ ಮೆಡಿಕಲ್ ಶಾಪಿನಲ್ಲಿ ಕೊಡುವ ಮಾತ್ರೆಗಳಲ್ಲಿ ಮೆಫೆನಾಮಿಕ್ ಆ್ಯಸಿಡ್ ಜೊತೆ ಇರುವ ಡೈಸೈಕ್ಲೊಮಿನ್ ಟರ್ಷಿಯರಿ. ನುಂಗಿದ ಮೇಲೆ ಬಾಯಿ ಒಣಗುವುದು, ಸ್ವಲ್ಪ ಮಂಪರು ಬರುವುದು ಅದರಿಂದಲೇ. ಆರು ತಿಂಗಳೊಳಗಿನ ಕೂಸಿಗೆ ಹೊಟ್ಟೆನೋವು ಅಂತ ಡೈಸೈಕ್ಲೊಮಿನ್ ಹನಿ ಹಾಕಲೇಬಾರದು. ಉಸಿರಾಟಕ್ಕೇ ತೊಂದರೆಯಾದ ಉದಾಹರಣೆಗಳಿವೆ.

ಹೆಜ್ಜೆ 6: ಎರಡು ವಿಷಗಳನ್ನು ಎದುರುಬದುರು ಇಡಿ

ಇಷ್ಟು ಕಲಿತದ್ದು ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ನಮ್ಮ ಹಳ್ಳಿಗಳಲ್ಲೇ ಸಿಗುವ ಎರಡು ವಿಷ ಸಾಕು. ಒಂದು ದತ್ತೂರಿ, ಕೆಲವು ಕಡೆ ಉಮ್ಮತ್ತಿ ಅನ್ನುತ್ತಾರೆ. ಇನ್ನೊಂದು ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ.

ದತ್ತೂರಿಯಲ್ಲಿ ಇರುವುದು ಅಟ್ರೋಪಿನ್, ಹಯೋಸಿನ್. ಒಣ ಕಡೆ. ಉತ್ತರ ನೋಡದೆ ಪಟ್ಟಿ ಬರೆಯಿರಿ, ಆಮೇಲೆ ಓದಿ. ಪಾಪೆ ಅಗಲ, ಬೆಳಕು ಕಣ್ಣಿಗೆ ಚುಚ್ಚುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ನಾಲಗೆ ಅಂಗುಳಕ್ಕೆ ಅಂಟುವಷ್ಟು ಒಣ. ಮೈ ಕೆಂಪಗೆ, ಬಿಸಿ, ಕಂಕುಳಲ್ಲಿ ಹನಿ ಬೆವರಿಲ್ಲ. ನಾಡಿ ಜೋರು. ಮೂತ್ರ ಕಟ್ಟಿ ಹೊಟ್ಟೆಯ ಕೆಳಭಾಗ ಉಬ್ಬಿರುತ್ತದೆ. ಸ್ಟೆತಸ್ಕೋಪ್ ಇಟ್ಟರೆ ಕರುಳಿನ ಸದ್ದಿಲ್ಲ. ಟರ್ಷಿಯರಿ ಆದ್ದರಿಂದ ಮಿದುಳಿಗೂ ಹೋಗಿದೆ: ರೋಗಿ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಾನೆ, ಹೊದಿಕೆಯ ಎಳೆ ಕೀಳುತ್ತಾನೆ, ಇಲ್ಲದವರ ಜೊತೆ ಗೊಣಗುತ್ತಾನೆ.

ಆರ್ಗನೋಫಾಸ್ಫೇಟ್ ಇದಕ್ಕೆ ತದ್ವಿರುದ್ಧ. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್, ಡೈಕ್ಲೋರ್ವಾಸ್ ಎಲ್ಲಾ ಈ ಗುಂಪಿನವು. ಎಂಜೈಮನ್ನೇ ಕಟ್ಟಿಹಾಕುತ್ತವೆ. ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪ್ರಸಾದಕ್ಕೆ ಬೆರೆಸಿದ್ದು ಮೊನೊಕ್ರೊಟೊಫಾಸ್. ಇಂಥ ರೋಗಿ ಬಂದಾಗ ಪಾಪೆ ಸೂಜಿಮೊನೆಯಷ್ಟು. ಕಣ್ಣು, ಮೂಗು, ಬಾಯಿ ಎಲ್ಲಾ ಸುರಿಯುತ್ತಿರುತ್ತವೆ. ಬಟ್ಟೆ ಬೆವರಿನಲ್ಲಿ ತೊಯ್ದಿದೆ. ವಾಂತಿ, ಭೇದಿ, ಬಟ್ಟೆಯಲ್ಲೇ ಮೂತ್ರ. ಎದೆಯಲ್ಲಿ ನೀರು ತುಂಬಿದಂತೆ ಗೊರಗೊರ. ಕೊಲ್ಲುವುದು ಇದೇ: ತನ್ನದೇ ಕಫದಲ್ಲಿ ಉಸಿರುಗಟ್ಟುವುದು ಮತ್ತು ಉಸಿರಾಟದ ಸ್ನಾಯು ಸೋಲುವುದು.

ನಾಡಿ ನಿಧಾನ ಇರಬೇಕು ಅಂತ ಪುಸ್ತಕ ಹೇಳುತ್ತದೆ. ಆದರೆ ಎಷ್ಟೋ ಸಲ ಜೋರಾಗಿಯೇ ಇರುತ್ತದೆ. ಗ್ಯಾಂಗ್ಲಿಯಾನ್‌ನ ನಿಕೋಟಿನಿಕ್ ರಿಸೆಪ್ಟರ್ ಕೂಡ ಉರಿಯುತ್ತಿರುವುದರಿಂದ ಸಿಂಪಥೆಟಿಕ್ ಕಡೆಯೂ ಎಚ್ಚರವಾಗಿರುತ್ತದೆ. ನಾಡಿ ಜೋರು ಅಂದಮಾತ್ರಕ್ಕೆ ಆರ್ಗನೋಫಾಸ್ಫೇಟ್ ಅಲ್ಲ ಅನ್ನಬೇಡಿ.

ಚಿಕಿತ್ಸೆಯನ್ನು ಈಗ ನೀವೇ ಊಹಿಸಬಹುದು. ಒದ್ದೆಗೆ ಒಣದ ಮದ್ದು, ಅಟ್ರೋಪಿನ್. ನಮ್ಮಲ್ಲಿ ಆಂಪೂಲ್ ಒಂದಕ್ಕೆ 0.6 ಮಿ.ಗ್ರಾಂ. ದೊಡ್ಡವರಿಗೆ ಮೊದಲ ಸಲವೇ 1.8ರಿಂದ 3 ಮಿ.ಗ್ರಾಂ, ಅಂದರೆ ಮೂರರಿಂದ ಐದು ಆಂಪೂಲ್ ರಕ್ತನಾಳಕ್ಕೆ. ಐದು ನಿಮಿಷಕ್ಕೆ ನೋಡಿ, ಸಾಲದಿದ್ದರೆ ಎರಡರಷ್ಟು. ಮತ್ತೆ ಐದು ನಿಮಿಷಕ್ಕೆ ಅದರ ಎರಡರಷ್ಟು. ಹೊಸಬರಿಗೆ ಕೈ ನಡುಗುತ್ತದೆ, ಇಷ್ಟೊಂದು ಕೊಡಬಹುದಾ ಅಂತ. ಎದುರಿಗೆ ಅಸಿಟೈಲ್‌ಕೋಲಿನ್ ಎಷ್ಟು ರಾಶಿ ಬಿದ್ದಿದೆಯೋ ಅಷ್ಟು ಅಟ್ರೋಪಿನ್ ಬೇಕು. ಯಾವಾಗ ಸಾಕು ಅಂತ ತಿಳಿಯಲು ಎದೆ ಕೇಳಿ: ಗೊರಗೊರ ನಿಂತಿರಬೇಕು. ಕಂಕುಳು ಮುಟ್ಟಿ ನೋಡಿ: ಒಣಗಿರಬೇಕು. ಹೃದಯಬಡಿತ 80 ದಾಟಿರಬೇಕು, ಮೇಲಿನ ಬಿಪಿಯೂ 80ಕ್ಕಿಂತ ಮೇಲಿರಬೇಕು. ಪಾಪೆ ದೊಡ್ಡದಾಗಲಿ ಅಂತಲೇ ಕಾಯುತ್ತಾ ಅಟ್ರೋಪಿನ್ ಸುರಿಯುವುದು ತಪ್ಪು. ಕರುಳು ಮೌನವಾಗಿ, ಜ್ವರ ಬಂದು, ರೋಗಿ ಹೊದಿಕೆಯ ಎಳೆ ಕೀಳಲು ಶುರು ಮಾಡಿದರೆ ಅವನನ್ನು ದತ್ತೂರಿ ಕಡೆಗೆ ದಾಟಿಸಿಬಿಟ್ಟಿದ್ದೀರಿ ಅಂತ ಅರ್ಥ.

ಗೆರೆ ಎಳೆದ ಸಾಲು ನೆನಪಿದೆಯಾ? ಅಟ್ರೋಪಿನ್ ನಿಕೋಟಿನಿಕ್ ಅನ್ನು ಮುಟ್ಟುವುದಿಲ್ಲ. ಎದೆ ಒಣಗಿತು, ರೋಗಿ ಮಾತಾಡಿದ, ಮನೆಯವರು ದೇವರಿಗೆ ಕೈ ಮುಗಿದರು. ಆದರೆ ಒಂದರಿಂದ ನಾಲ್ಕು ದಿನದೊಳಗೆ ಉಸಿರಾಟದ ಸ್ನಾಯು ಸೋಲಬಹುದು. ಮೊದಲ ಸುಳಿವು ಕುತ್ತಿಗೆಯಲ್ಲಿ. ಪ್ರತಿ ರೌಂಡ್‌ನಲ್ಲೂ "ದಿಂಬಿನಿಂದ ತಲೆ ಎತ್ತಿ ನೋಡೋಣ" ಅಂತ ಹೇಳಿ. ಎತ್ತಲಾಗದಿದ್ದರೆ ವೆಂಟಿಲೇಟರ್ ಸಿದ್ಧ ಮಾಡಿಕೊಳ್ಳಿ.

ಪ್ರಾಲಿಡಾಕ್ಸಿಮ್ ಎಂಬ ಇನ್ನೊಂದು ಮದ್ದು ಕಟ್ಟಿಹಾಕಿದ ಎಂಜೈಮನ್ನು ಬಿಡಿಸುತ್ತದೆ. ಆದರೆ ಹೊತ್ತು ಮೀರಿದರೆ ಆ ಗಂಟು ಬಿಚ್ಚುವುದೇ ಇಲ್ಲ. ಮೊನೊಕ್ರೊಟೊಫಾಸ್‌ನಂಥವಕ್ಕೆ ಆ ಹೊತ್ತು ಕೆಲವೇ ಗಂಟೆ, ಕ್ಲೋರ್‌ಪೈರಿಫಾಸ್‌ಗೆ ದಿನಕ್ಕೂ ಜಾಸ್ತಿ. ಅದರ ಲಾಭ ಎಷ್ಟು ಅನ್ನುವುದರ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಅಟ್ರೋಪಿನ್ ಬಗ್ಗೆ ಆ ಚರ್ಚೆಯೇ ಇಲ್ಲ. ಕಾರ್ಬೋಫ್ಯೂರಾನ್‌ನಂಥ ಕಾರ್ಬಮೇಟ್‌ಗಳೂ ಇದೇ ಎಂಜೈಮ್ ಹಿಡಿಯುತ್ತವೆ, ಆದರೆ ಸಾಮಾನ್ಯವಾಗಿ ಒಂದು ದಿನದೊಳಗೆ ತಾವಾಗಿ ಬಿಡುತ್ತವೆ.

ಲ್ಯಾಬ್‌ನಿಂದ ಬರುವ ಕೋಲಿನ್‌ಎಸ್ಟರೇಸ್ ರಿಪೋರ್ಟ್ ಬಗ್ಗೆ ಒಂದು ಮಾತು. ಅಲ್ಲಿ ಸಾಮಾನ್ಯವಾಗಿ ಅಳೆಯುವುದು ರಕ್ತದಲ್ಲಿರುವ ಅದರ ದಾಯಾದಿ ಎಂಜೈಮನ್ನು. ನಮ್ಮ ಆರ್ಯ ವೈಶ್ಯ ಸಮುದಾಯದ ಕೆಲವರಲ್ಲಿ ಈ ಎಂಜೈಮ್ ಹುಟ್ಟಿನಿಂದಲೇ ತೀರಾ ಕಡಿಮೆ. ವಿಷ ಕುಡಿಯದಿದ್ದರೂ ರಿಪೋರ್ಟ್ ಕೆಳಗೇ ಇರುತ್ತದೆ. ದಿನನಿತ್ಯದ ಬದುಕಿಗೆ ಇದರಿಂದ ಏನೂ ತೊಂದರೆಯಿಲ್ಲ. ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಮಾತ್ರ ನಿಮಿಷಗಳಲ್ಲಿ ಇಳಿಯಬೇಕಾದ ಪರಿಣಾಮ ಗಂಟೆಗಟ್ಟಲೆ ಉಳಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಹಾಗಾಗಿದ್ದರೆ ಅನಸ್ತೇಶಿಯಾ ಡಾಕ್ಟರಿಗೆ ಮೊದಲೇ ಹೇಳಿ.

ಓದುಗರಲ್ಲಿ ರೈತರೂ ಇರಬಹುದು, ಅವರಿಗೆ ಎರಡು ಮಾತು. ಔಷಧಿ ಹೊಡೆಯುವಾಗ ಯಾರಾದರೂ ಬಿದ್ದರೆ ಮೊದಲು ಬಟ್ಟೆ ಬಿಚ್ಚಿಸಿ, ಸೋಪು ನೀರಿನಲ್ಲಿ ಮೈ, ತಲೆಗೂದಲು ತೊಳೆಯಿರಿ. ತೊಳೆಯುವವರು ಕೈಗೆ ಗ್ಲೌಸ್ ಇಲ್ಲವೇ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಬಾಟಲಿಯನ್ನು ಜೊತೆಗೆ ಒಯ್ಯಿರಿ. ಅದರ ಚೀಟಿಯಲ್ಲಿ ಯಾವ ವಿಷ, ಏನು ಮದ್ದು ಎರಡೂ ಇರುತ್ತದೆ. ಬೇಜಾರಿನಲ್ಲಿ ಕುಡಿದವರು, ಕುಡಿಯುವ ಯೋಚನೆ ಬಂದವರು ಇದ್ದರೆ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 7: ಮನೆಯ ಮಾತ್ರೆ ಡಬ್ಬಿ ತೆರೆಯಿರಿ

ವಿಷ ಬಿಡಿ, ನಿಜವಾದ ಅಭ್ಯಾಸ ಆಗುವುದು ಮನೆಯಲ್ಲಿ. ವಯಸ್ಸಾದವರ ಮಾತ್ರೆಗಳನ್ನೆಲ್ಲ ಚಾಪೆ ಮೇಲೆ ಸುರುವಿಕೊಂಡು ಒಣ ಕಡೆಯವನ್ನು ಬೇರೆ ಮಾಡಿ. ಮೂತ್ರದ ಹಿಡಿತಕ್ಕೆ ಕೊಡುವ ಟಾಲ್ಟೆರೋಡಿನ್, ಹೊಟ್ಟೆನೋವಿನ ಡೈಸೈಕ್ಲೊಮಿನ್ ಸುಲಭವಾಗಿ ಸಿಗುತ್ತವೆ. ಬೇರೆ ಕೆಲಸಕ್ಕೆ ಕೊಟ್ಟು, ಜೊತೆಗೆ ಮಸ್ಕರಿನಿಕ್ ರಿಸೆಪ್ಟರ್ ಮುಚ್ಚುವಂಥವು ಅಡಗಿ ಕೂತಿರುತ್ತವೆ: ನರದ ಉರಿಗೆ ಕೊಟ್ಟ ಅಮಿಟ್ರಿಪ್ಟಿಲಿನ್, ನೆಗಡಿ ಮಾತ್ರೆಯೊಳಗಿನ ಕ್ಲೋರ್‌ಫೆನಿರಮಿನ್, ತುರಿಕೆಗೆ ಕೊಟ್ಟ ಹೈಡ್ರಾಕ್ಸಿಜಿನ್, ಪ್ರಯಾಣಕ್ಕೆ ಮುಂಚೆ ನುಂಗುವ ಪ್ರೋಮೆಥಜಿನ್, ಮಾನಸಿಕ ಕಾಯಿಲೆಯ ಮಾತ್ರೆ ಜೊತೆ ಬರೆದ ಟ್ರೈಹೆಕ್ಸಿಫೆನಿಡಿಲ್.

ಒಂದೊಂದೇ ಆದರೆ ನಡೆಯುತ್ತದೆ. ಮೂರು ಸೇರಿದರೆ ಅಜ್ಜಿಗೆ ಬಾಯಿ ಒಣ, ಮಲಬದ್ಧತೆ, ಸಂಜೆಯಾದರೆ ಗಲಿಬಿಲಿ. 'ವಯಸ್ಸಾಯ್ತಲ್ಲ' ಅಂತ ಮನೆಯವರು ಸುಮ್ನಾಗುತ್ತಾರೆ. ಪ್ರಾಸ್ಟೇಟ್ ದೊಡ್ಡದಾದ ತಾತನಿಗೆ ಬರೀ ನೆಗಡಿ ಮಾತ್ರೆಯಿಂದಲೇ ರಾತ್ರೋರಾತ್ರಿ ಮೂತ್ರ ಕಟ್ಟಬಹುದು. ಕಣ್ಣಿನ ಕೋನ ಕಿರಿದಾಗಿರುವವರಿಗೆ ಪಾಪೆ ಹಿಗ್ಗಿದಾಗ ಒಳಗಿನ ದ್ರವ ಹೊರಹೋಗುವ ದಾರಿ ಮುಚ್ಚಿಕೊಂಡು ಗ್ಲಾಕೋಮಾ ಕೆರಳಬಹುದು. ತಲೆ ಸಿಡಿಯುವ ನೋವು, ಕೆಂಪು ಕಣ್ಣು, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ.

ಇನ್ನೊಂದು ವಿಚಿತ್ರ ಜೋಡಿ ಸಿಗುತ್ತದೆ. ಮರೆವಿಗೆ ಡೊನೆಪೆಜಿಲ್ ಶುರುವಾಗುತ್ತದೆ, ಅದು ಒದ್ದೆ ಕಡೆ. ಸ್ವಲ್ಪ ದಿನಕ್ಕೆ ಮೂತ್ರ ತಡೆಯಲಾಗುವುದಿಲ್ಲ ಅನ್ನುತ್ತಾರೆ. ಇನ್ನೊಬ್ಬ ಡಾಕ್ಟರು ಅದಕ್ಕೆ ಆಕ್ಸಿಬ್ಯುಟಿನಿನ್ ಬರೆಯುತ್ತಾರೆ, ಅದು ಒಣ ಕಡೆ. ಮೇಲಾಗಿ ಮಿದುಳಿಗೂ ಹೋಗುತ್ತದೆ. ಎರಡು ಮಾತ್ರೆ ಒಂದೇ ತಲೆಯೊಳಗೆ ಹಗ್ಗಜಗ್ಗಾಟ, ದುಡ್ಡು ಎರಡಕ್ಕೂ. ಇಂಥದ್ದು ಕಂಡರೆ ಎರಡೂ ಚೀಟಿ ಒಬ್ಬರೇ ಡಾಕ್ಟರ ಮುಂದಿಟ್ಟು, "ಮೂತ್ರದ ತೊಂದರೆ ಈ ಮಾತ್ರೆ ಶುರುವಾದ ಮೇಲೆ ಬಂತು" ಅಂತ ತಾರೀಖು ಸಮೇತ ಹೇಳಿ. ಮೂತ್ರಕೋಶಕ್ಕೆ ಮಿರಾಬೆಗ್ರಾನ್‌ನಂಥ, ಮಸ್ಕರಿನಿಕ್ ಮುಟ್ಟದ ಮಾತ್ರೆಯೂ ಇದೆ. ನೀವೇ ನಿಲ್ಲಿಸಲು ಮಾತ್ರ ಹೋಗಬೇಡಿ. ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್ ತಟ್ಟನೆ ಬಿಟ್ಟರೆ ಬೇರೆ ಫಜೀತಿ.

ಹೆಜ್ಜೆ 8: ಈ ಎರಡು ಲೆಕ್ಕ ಬಿಡಿಸಿ

ಮೊದಲನೆಯದು. ಆಪರೇಷನ್ ಮುಗಿದಿದೆ. ಸ್ನಾಯು ಸಡಿಲಿಸಲು ಕೊಟ್ಟ ವೆಕ್ಯುರೋನಿಯಂನ ಪರಿಣಾಮ ಇಳಿಸಬೇಕು. ಅನಸ್ತೇಶಿಯಾ ಡಾಕ್ಟರು ನಿಯೋಸ್ಟಿಗ್ಮಿನ್, ಗ್ಲೈಕೋಪಿರೋಲೇಟ್ ಎರಡನ್ನೂ ಒಟ್ಟಿಗೆ ಕೊಡುತ್ತಾರೆ. ಒಂದು ಒದ್ದೆ, ಒಂದು ಒಣ. ಡೊನೆಪೆಜಿಲ್, ಆಕ್ಸಿಬ್ಯುಟಿನಿನ್ ಹಗ್ಗಜಗ್ಗಾಟ ಬೇಡ ಅಂದೆವು, ಇಲ್ಲಿ ಯಾಕೆ ಸರಿ?

ನಿಯೋಸ್ಟಿಗ್ಮಿನ್ ಎಂಜೈಮ್ ತಡೆದಾಗ ಅಸಿಟೈಲ್‌ಕೋಲಿನ್ ಎಲ್ಲಾ ಕಡೆ ಏರುತ್ತದೆ. ನಮಗೆ ಬೇಕಾದದ್ದು ಕೈಕಾಲಿನ, ಉಸಿರಾಟದ ಸ್ನಾಯುವಿನ ನಿಕೋಟಿನಿಕ್ ಕೆಲಸ ಮಾತ್ರ. ಹೃದಯದ ಎಂ2 ಕೆರಳಿ ಬಡಿತ ಕುಸಿಯುವುದು, ಎಂ3ನಿಂದ ಕಫ, ಜೊಲ್ಲು ಸುರಿಯುವುದು ಬೇಡ. ಗ್ಲೈಕೋಪಿರೋಲೇಟ್ ಮಸ್ಕರಿನಿಕ್ ಬಾಗಿಲು ಮಾತ್ರ ಮುಚ್ಚುತ್ತದೆ, ನಿಕೋಟಿನಿಕ್ ತೆರೆದೇ ಇರುತ್ತದೆ. ಕ್ವಾಟರ್ನರಿ ಆದ್ದರಿಂದ ಎಚ್ಚರವಾಗುತ್ತಿರುವ ರೋಗಿಗೆ ಗಲಿಬಿಲಿಯನ್ನೂ ತರುವುದಿಲ್ಲ.

ಎರಡನೆಯದು ಹೊಸದು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಕೊಡುವ ಒಂದು ಕ್ಯಾಪ್ಸೂಲ್‌ಗೆ ಒಪ್ಪಿಗೆ ಕೊಟ್ಟಿತು. ಅದರೊಳಗೆ ಎರಡು ಔಷಧ: ಎಂ1, ಎಂ4 ಚುರುಕುಗೊಳಿಸುವ ಕ್ಸಾನೊಮೆಲಿನ್, ಮತ್ತು ಮಸ್ಕರಿನಿಕ್ ರಿಸೆಪ್ಟರ್ ಮುಚ್ಚುವ ಟ್ರಾಸ್ಪಿಯಂ. ಟ್ರಾಸ್ಪಿಯಂ ಕ್ವಾಟರ್ನರಿ ಅನ್ನುವ ಒಂದೇ ಸುಳಿವು ಕೊಡುತ್ತೇನೆ. ವಾಂತಿ, ಭೇದಿ, ಬೆವರು ಯಾರಿಂದ ಬರುತ್ತಿತ್ತು, ಯಾರು ಅದನ್ನು ತಡೆದರು, ತಡೆದವರು ಮಿದುಳಿನ ಕೆಲಸವನ್ನು ಯಾಕೆ ಕೆಡಿಸಲಿಲ್ಲ? ಹೆಜ್ಜೆ 5ರ ಪುಟ ತಿರುವಿ, ನಿಮ್ಮ ಮಾತಿನಲ್ಲೇ ಮೂರು ಸಾಲು ಬರೆಯಿರಿ.